ಓಟಗಾರನೊಬ್ಬನೇ ಓಡುವುದಿಲ್ಲ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ರನ್ನಿಂಗ್ ಬ್ಯಾಕ್‌ನ ಮೌಲ್ಯಮಾಪನ

2021ರ ಸೆಪ್ಟೆಂಬರ್ 3ರ ಶುಕ್ರವಾರ ರಾತ್ರಿ, ಇಲಿನಾಯ್ ರಾಜ್ಯದ ಎವನ್‌ಸ್ಟನ್ನಿನಲ್ಲಿ ನಡೆದ ಕಾಲೇಜು ಪಂದ್ಯದಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೆನೆತ್ ವಾಕರ್ ಮೊದಲ ಬಾರಿಗೆ ಚೆಂಡನ್ನು ಕೈಗೆ ತೆಗೆದುಕೊಂಡವರೇ 75 ಗಜ ಓಡಿ ನಾರ್ತ್‌ವೆಸ್ಟರ್ನ್ ತಂಡದ ಗೆರೆ ದಾಟಿದರು. ಪಂದ್ಯ ಮುಗಿದಾಗ ಅವರ ಲೆಕ್ಕದಲ್ಲಿ 264 ಗಜಗಳೂ ನಾಲ್ಕು ಟಚ್‌ಡೌನ್‌ಗಳೂ ಇದ್ದವು. ಆ ಋತು ಮುಗಿಯುವ ವೇಳೆಗೆ ಅವರು ಓಡಿದ್ದು 1,636 ಗಜ. ದೇಶದ ಅತ್ಯುತ್ತಮ ರನ್ನಿಂಗ್ ಬ್ಯಾಕ್‌ಗೆ ನೀಡುವ ಡೋಕ್ ವಾಕರ್ ಪ್ರಶಸ್ತಿಯೂ ಅವರದಾಯಿತು. ಇದೇ ಯುವಕ ಅದರ ಹಿಂದಿನ ವರ್ಷ ಉತ್ತರ ಕೆರೊಲಿನದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಓಡಿದ್ದು ಆರುನೂರು ಗಜಕ್ಕೂ ಕಡಿಮೆ.

ಒಂದೇ ವರ್ಷದಲ್ಲಿ ಮನುಷ್ಯನ ಕಾಲುಗಳು ಮೂರು ಪಟ್ಟು ಬಲಿಯುವುದಿಲ್ಲ. ಕೋವಿಡ್ ಬಾಧಿಸಿದ 2020ರಲ್ಲಿ ಪಂದ್ಯಗಳು ಕಡಿಮೆಯಿದ್ದವು, ವೇಕ್ ಫಾರೆಸ್ಟ್‌ನಲ್ಲಿ ಚೆಂಡು ಹಲವರ ನಡುವೆ ಹಂಚಿಹೋಗುತ್ತಿತ್ತು ಎಂಬುದು ನಿಜ. ಆದರೆ ಮುಖ್ಯವಾಗಿ ಬದಲಾದದ್ದು ಅವರ ಸುತ್ತಲಿನ ಏರ್ಪಾಡು. ಕಾಲೇಜಿನ ಓಟಗಾರರನ್ನು ಅಳೆಯುವ ಕೆಲಸ ಏಕೆ ಇಷ್ಟು ಕಠಿಣ, ಏಕೆ ಪ್ರತಿ ವರ್ಷವೂ ಅನುಭವಿಗಳೇ ಎಡವುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಆ ಏರ್ಪಾಡಿನಲ್ಲಿದೆ.

ಈ ಆಟ ನಮ್ಮಲ್ಲಿ ಅಪರಿಚಿತ. ಮಿಷಿಗನ್, ಟೆಕ್ಸಾಸ್, ಪೆನ್ಸಿಲ್ವೇನಿಯಗಳಿಗೆ ಎಂಎಸ್ ಓದಲು ಹೋದ ಮಕ್ಕಳು ಶರತ್ಕಾಲದ ಶನಿವಾರಗಳಂದು ಏಕೆ ಫೋನ್ ಎತ್ತುವುದಿಲ್ಲವೆಂದು ಕೇಳುವ ತಂದೆತಾಯಿಯರಿಗೆ ಅಷ್ಟಿಷ್ಟು ಗೊತ್ತಿರಬಹುದು. ಉಳಿದ ಓದುಗರಿಗಾಗಿ ಸಂಕ್ಷೇಪವಾಗಿ ಹೇಳುವುದಾದರೆ, ಅಮೆರಿಕದ ಫುಟ್‌ಬಾಲ್ ಕಾಲಿಗಿಂತ ಹೆಚ್ಚಾಗಿ ಕೈಯಲ್ಲಿ ಆಡುವ ಆಟ. ನೂರು ಗಜದ ಮೈದಾನ, ಕಡೆಗೆ ಹನ್ನೊಂದು ಮಂದಿ. ಚೆಂಡು ಹೊಂದಿದ ತಂಡ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಸಾಗುವುದಕ್ಕೆ ಎರಡು ದಾರಿ: ಕ್ವಾರ್ಟರ್‌ಬ್ಯಾಕ್ ಎಂಬ ನಾಯಕ ಚೆಂಡನ್ನು ಎಸೆಯಬಹುದು, ಅಥವಾ ತನ್ನ ಹಿಂದೆಯೋ ಪಕ್ಕದಲ್ಲೋ ನಿಂತ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಅದನ್ನು ಒತ್ತಿ ಓಡಲು ಬಿಡಬಹುದು. ಇವರಿಬ್ಬರ ಮುಂದೆ ಒಬ್ಬೊಬ್ಬರೂ ನೂರಮೂವತ್ತು ನೂರನಲವತ್ತು ಕಿಲೋ ತೂಗುವ ಐವರ ಸಾಲು: ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಎದುರಾಳಿಗಳನ್ನು ಅಡ್ಡಗಟ್ಟಿ ಓಟಗಾರನಿಗೆ ದಾರಿ ಬಿಡಿಸುವುದು ಈ ಐವರ ಕರ್ತವ್ಯ. ಆ ದಾರಿಯನ್ನು ಹೇಗೆ ಬಿಡಿಸುತ್ತಾರೆ ಎಂಬುದೇ ವ್ಯೂಹ.

ಎರಡು ಬಗೆಯ ವ್ಯೂಹ

ಓಟದ ವ್ಯೂಹಗಳಿಗೆ ನೂರು ಹೆಸರುಗಳಿದ್ದರೂ ಮೂಲದಲ್ಲಿ ಅವು ಎರಡು ಕುಲಕ್ಕೆ ಸೇರುತ್ತವೆ. ಮೊದಲನೆಯದು ಗ್ಯಾಪ್ ಕುಲ. ಇದರಲ್ಲಿ ಎಲ್ಲಿ ದಾರಿ ತೆರೆಯಬೇಕೆಂಬುದು ಆಟ ಆರಂಭವಾಗುವ ಮೊದಲೇ ನಿಶ್ಚಿತ. ಪವರ್ ಎಂಬ ಆಟವನ್ನೇ ನೋಡಿ: ಬಲಗಡೆ ಓಡಬೇಕೆಂದಾದರೆ ಬಲಪಕ್ಕದವರೆಲ್ಲ ತಮ್ಮೆದುರಿನವರನ್ನು ಒಳಕ್ಕೆ ತಳ್ಳುತ್ತಾರೆ, ಎಡ ಗಾರ್ಡ್ ತನ್ನ ಸ್ಥಾನ ಬಿಟ್ಟು ಸಾಲಿನ ಹಿಂದಿನಿಂದ ಅಡ್ಡಲಾಗಿ ಓಡಿಬಂದು, ತೆರೆದ ಬಾಗಿಲಿನಲ್ಲಿ ನುಗ್ಗಿ ಮುಂದೆ ಸಿಕ್ಕವನನ್ನು ಕೆಡವುತ್ತಾನೆ. ಓಟಗಾರ ಅವನ ಬೆನ್ನಿಗೇ ಅಂಟಿ ಹೋಗಬೇಕು. ಕೌಂಟರ್ ಎಂಬುದು ಇದರ ತಮ್ಮ: ಓಟಗಾರ ಮೊದಲು ತಪ್ಪು ದಿಕ್ಕಿಗೆ ಒಂದು ಹೆಜ್ಜೆ ಇಟ್ಟು ಎದುರಾಳಿಯನ್ನು ಮೋಸಗೊಳಿಸಿ, ಅನಂತರ ಹಿಂತಿರುಗಿ ಇಬ್ಬರು ಮುಂದಾಳುಗಳ ಹಿಂದೆ ನುಗ್ಗುತ್ತಾನೆ. ಇಲ್ಲಿ ಬೇಕಾದದ್ದು ವಿಶ್ವಾಸ, ಸಮಯಪ್ರಜ್ಞೆ, ಇಕ್ಕಟ್ಟಿನಲ್ಲಿ ಭುಜ ತಗ್ಗಿಸಿ ನುಗ್ಗುವ ದೇಹಬಲ. ಬಾಗಿಲು ತೆರೆಯುವ ಮೊದಲೇ ತಲುಪಿದರೆ ಗಾರ್ಡ್‌ನ ಬೆನ್ನಿಗೆ ಡಿಕ್ಕಿ; ತಡವಾದರೆ ಬಾಗಿಲು ಮುಚ್ಚಿರುತ್ತದೆ.

ಎರಡನೆಯದು ಝೋನ್ ಕುಲ. ಇದರಲ್ಲಿ ಐವರೂ ಒಂದೇ ದಿಕ್ಕಿಗೆ, ಒಂದೇ ಲಯದಲ್ಲಿ ಹೆಜ್ಜೆ ಹಾಕುತ್ತಾರೆ. ಇಂಥವನನ್ನೇ ತಡೆ ಎಂಬ ಆಜ್ಞೆ ಯಾರಿಗೂ ಇಲ್ಲ. ತನ್ನ ಪಾಲಿನ ಜಾಗಕ್ಕೆ ಬಂದವನನ್ನು ತಡೆದರಾಯಿತು. ದಾರಿ ಎಲ್ಲಿ ತೆರೆಯುತ್ತದೆಂದು ತರಬೇತುದಾರನಿಗೂ ಗೊತ್ತಿಲ್ಲ. ಓಟಗಾರ ಪಕ್ಕಕ್ಕೆ ಸಾಗುತ್ತಲೇ ಮುಂದಿನ ಇಬ್ಬರು ಮೂವರು ಎದುರಾಳಿಗಳ ಭುಜ ಯಾವ ಕಡೆ ತಿರುಗಿದೆಯೆಂದು ಓದಿ, ಹೊರಗೆ ಹೋಗಲೋ, ನೇರ ನುಗ್ಗಲೋ, ಹಿಂದಕ್ಕೆ ಕತ್ತರಿಸಲೋ ಎಂದು ಕ್ಷಣಾರ್ಧದಲ್ಲಿ ನಿರ್ಧರಿಸಿ ಒಂದೇ ಒಂದು ಕಾಲೂರಿ ತಿರುಗಬೇಕು. ಎರಡನೆಯ ಬಾರಿ ಅನುಮಾನಿಸಿದರೆ ಆಟ ಮುಗಿಯಿತು. ಕಣ್ಣು, ತಾಳ್ಮೆ, ಮತ್ತು ಆ ಒಂದು ತಿರುವು: ಈ ಮೂರರ ಮುಂದೆ ಉಳಿದೆಲ್ಲವೂ ಗೌಣ. ಇದರಲ್ಲೂ ಸಾಲಿನ ನಡುವೆ ನುಗ್ಗುವ ಒಳ ಝೋನ್ ಬೇರೆ, ಮೈದಾನದ ಅಂಚಿನತ್ತ ಎಳೆದುಕೊಂಡು ಹೋಗುವ ಹೊರ ಝೋನ್ ಬೇರೆ.

ಇನ್ನು ಓಟಗಾರ ಎಲ್ಲಿ ನಿಂತಿರುತ್ತಾನೆ ಎಂಬುದೂ ಮುಖ್ಯ. ಹಳೆಯ ಪದ್ಧತಿಯಲ್ಲಿ ಕ್ವಾರ್ಟರ್‌ಬ್ಯಾಕ್ ಸೆಂಟರ್‌ನ ಬೆನ್ನಿಗೇ ನಿಂತು ಚೆಂಡು ಪಡೆಯುತ್ತಿದ್ದರೆ, ಓಟಗಾರ ಅವನಿಂದ ಕೆಲವು ಗಜ ಹಿಂದೆ ನಿಂತು, ಚೆಂಡು ಕೈಗೆ ಬರುವಷ್ಟರಲ್ಲಿ ವೇಗ ಪಡೆದು ಮುಖಕ್ಕೆ ಮುಖವಾಗಿ ನುಗ್ಗುತ್ತಿದ್ದ. ಇಂದು ಕಾಲೇಜುಗಳಲ್ಲಿ ಹೆಚ್ಚಿನವರು ಶಾಟ್‌ಗನ್ ಪದ್ಧತಿಯಲ್ಲಿ ಆಡುತ್ತಾರೆ. ಕ್ವಾರ್ಟರ್‌ಬ್ಯಾಕ್ ದೂರ ನಿಲ್ಲುತ್ತಾನೆ, ಓಟಗಾರ ಅವನ ಪಕ್ಕದಲ್ಲಿರುತ್ತಾನೆ. ಚೆಂಡು ಕೈಗೆ ಬರುವಾಗ ಅವನ ದೇಹ ಇನ್ನೂ ಅಡ್ಡ ದಿಕ್ಕಿನಲ್ಲಿರುತ್ತದೆ, ವೇಗ ಶೂನ್ಯಕ್ಕೆ ಸಮೀಪ. ವೇಕ್ ಫಾರೆಸ್ಟ್ ತಂಡದವರು ಆಡುತ್ತಿದ್ದ ನಿಧಾನದ ಆಟ ಇದರ ಪರಮಾವಧಿ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಅವನೊಂದಿಗೆ ನಾಲ್ಕಾರು ಹೆಜ್ಜೆ ನಡೆಯುತ್ತಾನೆ. ಎದುರಾಳಿ ಓಟದ ಕಡೆಗೆ ಬಂದರೆ ಚೆಂಡು ಹಿಂದಕ್ಕೆಳೆದು ಎಸೆಯುತ್ತಾನೆ, ಬಾರದಿದ್ದರೆ ಬಿಟ್ಟುಕೊಡುತ್ತಾನೆ. ಎದುರಾಳಿಯ ತಾಳ್ಮೆ ಕೆಡಿಸಲು ಇದು ಸೊಗಸಾದ ಉಪಾಯ. ಆದರೆ ವಾಕರ್‌ರಂಥ ಸಿಡಿಗುಂಡಿಗೆ ಅದು ಮೂಗುದಾರ. ಮಿಷಿಗನ್ ಸ್ಟೇಟ್‌ನಲ್ಲಿ ಆ ಮೂಗುದಾರ ಕಳಚಿತು, ಅಷ್ಟೇ. ಆದರೂ ಅವರನ್ನು ಹಿಂದಿನ ವರ್ಷದ ಅಂಕಿಅಂಶದಿಂದಷ್ಟೇ ಅಳೆದಿದ್ದರೆ ಯಾರೂ ಕರೆಯುತ್ತಿರಲಿಲ್ಲ.

ಡೆನ್ವರಿನ ಪಾಠ

ವ್ಯೂಹ ದೊಡ್ಡದೋ ಓಟಗಾರ ದೊಡ್ಡವನೋ ಎಂಬ ಜಗಳ ಹಳೆಯದು. ಈ ಜಗಳದಲ್ಲಿ ಎರಡೂ ಪಕ್ಷದವರು ಉದಾಹರಿಸುವುದು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡೆನ್ವರ್ ಬ್ರಾಂಕೋಸ್ ತಂಡವನ್ನು. 1995ರಲ್ಲಿ ಆ ತಂಡಕ್ಕೆ ಮೈಕ್ ಶಾನಹನ್ ಮುಖ್ಯ ತರಬೇತುದಾರರಾಗಿ ಬಂದರು. ಮುಂಚೂಣಿಯ ಸಾಲನ್ನು ಕಟ್ಟುವ ಹೊಣೆ ಅಲೆಕ್ಸ್ ಗಿಬ್ಸ್ ಅವರದಾಯಿತು. ಗಿಬ್ಸ್ ಹೊರ ಝೋನ್ ಪದ್ಧತಿಯ ಕಟ್ಟಾ ಗುರು. ಅದೇ ವರ್ಷದ ಡ್ರಾಫ್ಟ್‌ನಲ್ಲಿ ಆರನೆಯ ಸುತ್ತಿನವರೆಗೆ ಯಾರಿಗೂ ಬೇಡವಾಗಿ ಉಳಿದಿದ್ದ, ಜಾರ್ಜಿಯ ವಿಶ್ವವಿದ್ಯಾಲಯದ ಟೆರೆಲ್ ಡೇವಿಸ್ ಅವರನ್ನು ಡೆನ್ವರ್ 196ನೆಯ ಆಟಗಾರನಾಗಿ ಆರಿಸಿಕೊಂಡಿತು. 1998ರಲ್ಲಿ ಡೇವಿಸ್ 2,008 ಗಜ ಓಡಿದರು, ಲೀಗಿನ ಶ್ರೇಷ್ಠ ಆಟಗಾರರೆನಿಸಿದರು. ಮರುವರ್ಷ ಅವರ ಮೊಣಕಾಲು ಮುರಿದಾಗ ನಾಲ್ಕನೆಯ ಸುತ್ತಿನ ಓಲಾಂಡಿಸ್ ಗ್ಯಾರಿ ಬಂದು ಸಾವಿರ ಗಜ ದಾಟಿದರು. 2000ದಲ್ಲಿ ಆರನೆಯ ಸುತ್ತಿನ, ಹಿಂದೆ ನೌಕಾ ಸೈನಿಕರಾಗಿದ್ದ ಮೈಕ್ ಆಂಡರ್ಸನ್ 1,487 ಗಜ ಓಡಿದರು. ಯಾರನ್ನು ತಂದು ನಿಲ್ಲಿಸಿದರೂ ಓಡುತ್ತಾರೆಂಬ ಮಾತು ಹುಟ್ಟಿದ್ದು ಆಗಲೇ.

2002ರಲ್ಲಿ ಮಯಾಮಿ ವಿಶ್ವವಿದ್ಯಾಲಯದಿಂದ ಬಂದ ಕ್ಲಿಂಟನ್ ಪೋರ್ಟಿಸ್ ಅದೇ ವ್ಯೂಹದಲ್ಲಿ ಎರಡು ವರ್ಷ 1,500 ಗಜಕ್ಕೂ ಮಿಕ್ಕಿ ಓಡಿದರು. ಎರಡೂ ವರ್ಷ ಅವರ ಸರಾಸರಿ ಪ್ರತಿ ಓಟಕ್ಕೆ 5.5 ಗಜ. 2004ರಲ್ಲಿ ಡೆನ್ವರ್ ಅವರನ್ನು ವಾಷಿಂಗ್ಟನ್ ತಂಡಕ್ಕೆ ಕೊಟ್ಟು ಚಾಂಪ್ ಬೈಲಿ ಎಂಬ ರಕ್ಷಕನನ್ನು ಪಡೆಯಿತು. ವಾಷಿಂಗ್ಟನ್ನಿನಲ್ಲಿ ಆಗ ನಿವೃತ್ತಿಯಿಂದ ಮರಳಿದ್ದವರು ಇನ್ನೊಬ್ಬ ಗಿಬ್ಸ್, ಅಂದರೆ ಜೋ ಗಿಬ್ಸ್. ಅವರು ಕೌಂಟರ್ ಆಟದಿಂದಲೇ ಹೆಸರು ಮಾಡಿದವರು, ಗ್ಯಾಪ್ ಕುಲದ ಹಿರಿಯರು. ಪೋರ್ಟಿಸ್ ತಮ್ಮ ಮೊಟ್ಟಮೊದಲ ಓಟದಲ್ಲಿ 64 ಗಜ ಓಡಿ ಟಚ್‌ಡೌನ್ ಗಳಿಸಿದಾಗ ಸಂಶಯಗಳೆಲ್ಲ ಹಾರಿಹೋದಂತೆ ಕಂಡವು. ಆದರೆ ಋತುವಿನ ಕೊನೆಯಲ್ಲಿ ಅವರ ಸರಾಸರಿ 3.8ಕ್ಕೆ ಇಳಿದಿತ್ತು. ಅದೇ ಕಾಲು, ಅದೇ ವಯಸ್ಸು. ಆಳು ಬೇರೆಯಲ್ಲ, ಊರು ಬೇರೆ.

ಹಾಗಾದರೆ ಡೇವಿಸ್ ಬರಿಯ ವ್ಯೂಹದ ಕೂಸೇ? ಅಲ್ಲವೆಂದೇ ಈ ಲೇಖಕನ ಮತ. ಗ್ಯಾರಿ, ಆಂಡರ್ಸನ್ ಸಾವಿರ ಗಜ ಓಡಿದರು ನಿಜ, ಎರಡು ಸಾವಿರ ಓಡಲಿಲ್ಲ. ವ್ಯೂಹ ಸಾಮಾನ್ಯನನ್ನು ಉತ್ತಮನನ್ನಾಗಿಸಬಲ್ಲದು; ಉತ್ತಮನನ್ನು ಅಸಾಮಾನ್ಯನನ್ನಾಗಿಸಲು ಅವನಲ್ಲೇ ಏನಾದರೂ ಇರಬೇಕು. 2017ರಲ್ಲಿ ಡೇವಿಸ್ ಅವರನ್ನು ಆಟದ ಗೌರವಮಂದಿರಕ್ಕೆ ಸೇರಿಸಿಕೊಂಡವರೂ ಹಾಗೆಯೇ ಎಣಿಸಿರಬೇಕು. ಪೋರ್ಟಿಸ್ ಕೂಡ ಮರುವರ್ಷ ವಾಷಿಂಗ್ಟನ್ನಿನಲ್ಲೇ 1,516 ಗಜ ಓಡಿ ಹೊಸ ವ್ಯೂಹವನ್ನು ತಮ್ಮದಾಗಿಸಿಕೊಂಡರು. ಕಲಿಯಲು ಸಮಯ ಬೇಕಾಗುತ್ತದೆ. ಆದರೆ ಈ ಆಟದಲ್ಲಿ ಸಮಯವನ್ನು ಯಾರೂ ಧಾರಾಳವಾಗಿ ಕೊಡುವುದಿಲ್ಲ.

ಇದಕ್ಕಿಂತ ಕಟುವಾದ ಇನ್ನೊಂದು ಪ್ರಸಂಗ ಡಿಮಾರ್ಕೋ ಮರ್ರೆ ಅವರದು. 2014ರಲ್ಲಿ ಡಲ್ಲಾಸ್ ಪರ 392 ಬಾರಿ ಚೆಂಡು ಹೊತ್ತು 1,845 ಗಜ ಓಡಿ ಲೀಗಿಗೇ ಮೊದಲಿಗರಾದವರು, ಮರುವರ್ಷ ಫಿಲಡೆಲ್ಫಿಯಕ್ಕೆ ಹೋದರು. ಅಲ್ಲಿನ ತರಬೇತುದಾರ ಚಿಪ್ ಕೆಲ್ಲಿ, ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಶಾಟ್‌ಗನ್ ಝೋನ್ ಆಟದಿಂದ ಕಾಲೇಜು ಫುಟ್‌ಬಾಲ್‌ನ ಚಹರೆಯನ್ನೇ ಬದಲಿಸಿದವರು. ಆಳದಿಂದ ಓಡಿಬಂದು ಮುಖಾಮುಖಿ ನುಗ್ಗುತ್ತಿದ್ದ ಮರ್ರೆ, ಪಕ್ಕದಿಂದ ಅಡ್ಡ ಹೆಜ್ಜೆಯಲ್ಲಿ ಓಟ ಆರಂಭಿಸಬೇಕಾಯಿತು. ಫಲ: 193 ಓಟಗಳಲ್ಲಿ 702 ಗಜ. 2016ರಲ್ಲಿ ಟೆನೆಸಿ ಟೈಟನ್ಸ್ ಸೇರಿದಾಗ ಪುನಃ 1,287 ಗಜ. ಡಲ್ಲಾಸ್‌ನಲ್ಲಿ ಹೊತ್ತ ಅತಿಯಾದ ಭಾರದ ಆಯಾಸವೂ ನಡುವಿನ ಆ ವರ್ಷವನ್ನು ಕೆಡಿಸಿರಬಹುದು. ಕಾಲೇಜಿನಲ್ಲಿ, ಓಕ್ಲಹೋಮದಲ್ಲಿ, ಮರ್ರೆಗೆ ಶಾಟ್‌ಗನ್ ಅಪರಿಚಿತವೇನೂ ಆಗಿರಲಿಲ್ಲ. ಎಲ್ಲವನ್ನೂ ವ್ಯೂಹದ ತಲೆಗೇ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ.

ಅಂಕಿಗಳು ಮುಚ್ಚಿಡುವ ಸಂಗತಿ

ಕಾಲೇಜಿನ ಓಟಗಾರನ ಅಂಕಿಅಂಶಗಳನ್ನು ಓದುವವರು ಮೊದಲು ಕೇಳಬೇಕಾದ ಪ್ರಶ್ನೆ, ಅವನೆದುರು ಎಷ್ಟು ಮಂದಿ ನಿಂತಿದ್ದರು ಎಂಬುದು. ಆಕ್ರಮಣ ಪಡೆ ಮೂವರು ನಾಲ್ವರನ್ನು ಮೈದಾನದ ಅಂಚುಗಳಿಗೆ ಹರಡಿದರೆ, ಅವರನ್ನು ಕಾಯಲು ರಕ್ಷಕರೂ ಹರಡಿಕೊಳ್ಳಬೇಕಾಗುತ್ತದೆ. ನಡುವೆ ಉಳಿಯುವವರು ಆರು ಮಂದಿ. ಅದೇ ಹಳೆಯ ಬಿಗಿ ವ್ಯೂಹದಲ್ಲಿ ಎಂಟು ಮಂದಿ ಒತ್ತಿ ನಿಂತಿರುತ್ತಾರೆ. ಆರು ಮಂದಿಯ ವಿರುದ್ಧದ ಆರು ಗಜ, ಎಂಟು ಮಂದಿಯ ವಿರುದ್ಧದ ನಾಲ್ಕು ಗಜಕ್ಕಿಂತ ಹೆಚ್ಚಿನದೆಂದು ಖಚಿತವಾಗಿ ಹೇಳಲಾಗದು.

ಎರಡನೆಯದು ಕ್ವಾರ್ಟರ್‌ಬ್ಯಾಕ್. ರಿಚ್ ರಾಡ್ರಿಗಸ್ ಅವರ ಹೆಸರಿನೊಂದಿಗೆ ಗುರುತಿಸುವ ಝೋನ್ ರೀಡ್ ಎಂಬ ಆಟದಲ್ಲಿ ಎದುರಾಳಿಯ ಒಬ್ಬನನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಅವನು ಓಟಗಾರನನ್ನು ಹಿಡಿಯಲು ಬಂದರೆ ಕ್ವಾರ್ಟರ್‌ಬ್ಯಾಕ್ ಚೆಂಡು ತಾನೇ ಇಟ್ಟುಕೊಂಡು ಓಡುತ್ತಾನೆ. ಬಾರದೆ ನಿಂತರೆ ಓಟಗಾರನಿಗೆ ಕೊಡುತ್ತಾನೆ. ಕ್ವಾರ್ಟರ್‌ಬ್ಯಾಕ್ ವೇಗಿಯಾಗಿದ್ದರೆ ಆ ರಕ್ಷಕ ಅಲ್ಲಿಯೇ ಹೆಪ್ಪುಗಟ್ಟಿ ನಿಲ್ಲುತ್ತಾನೆ. ವೆಸ್ಟ್ ವರ್ಜೀನಿಯದಲ್ಲಿ ಪ್ಯಾಟ್ ವೈಟ್ ಎಂಬ ಮಿಂಚಿನ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ಸ್ಟೀವ್ ಸ್ಲೇಟನ್ ಓಡಿದ ಗಜಗಳಲ್ಲಿ ವೈಟ್‌ಗೂ ಒಂದು ಪಾಲು ಇತ್ತೆಂಬುದನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ.

ಮೂರನೆಯದು ಮೈದಾನವೇ. ಮೈದಾನದಲ್ಲಿ ಉದ್ದಕ್ಕೂ ಎಳೆದ ಎರಡು ಸಾಲು ಗುರುತುಗಳ ನಡುವೆಯೇ ಪ್ರತಿ ಆಟವೂ ಆರಂಭವಾಗಬೇಕು. ಎನ್‌ಎಫ್‌ಎಲ್‌ನಲ್ಲಿ ಅವುಗಳ ಅಂತರ 18 ಅಡಿ 6 ಅಂಗುಲ; ಕಾಲೇಜಿನಲ್ಲಿ 40 ಅಡಿ. ಹೀಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಪಕ್ಕಕ್ಕೆ ಸರಿದಾಗ ಇನ್ನೊಂದು ಪಕ್ಕ ವಿಶಾಲವಾದ ಬಯಲಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಅಂಚಿಗೆ ಓಡಿ ಓಡಿ ಹೆಸರು ಗಳಿಸಿದವನಿಗೆ ವೃತ್ತಿಪರ ಮೈದಾನದಲ್ಲಿ ಆ ಬಯಲು ಸಿಗುವುದಿಲ್ಲ.

ಮುಂಚೂಣಿಯ ಸಾಲಿನ ಮಾತಂತೂ ಸರಿಯೇ ಸರಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ತಲೆಮಾರುಗಳಿಂದ ಬೆಟ್ಟದಂಥ ಮುಂದಾಳುಗಳನ್ನು ಬೆಳೆಸಿ ಅವರ ಹಿಂದೆ ಓಟಗಾರರನ್ನು ಓಡಿಸುತ್ತ ಬಂದಿದೆ. 1999ರಲ್ಲಿ ಹೈಸ್‌ಮನ್ ಪ್ರಶಸ್ತಿ ಗೆದ್ದ ರಾನ್ ಡೇನ್ ಅಲ್ಲಿಯವರು. ಎನ್‌ಎಫ್‌ಎಲ್‌ನಲ್ಲಿ ಅವರು ಸಾಧಾರಣರಾಗಿಯೇ ಉಳಿದರು. ಮಾಂಟಿ ಬಾಲ್ ಅಲ್ಲಿಯವರು. ಅವರ ವೃತ್ತಿಜೀವನ ಬೇಗ ಮುಗಿಯಿತು. ಈ ಅನುಭವದಿಂದ ಬೆದರಿದವರು ಮೂರು ಋತುಗಳಲ್ಲಿ 6,174 ಗಜ ಓಡಿದ್ದ ಜೊನಾಥನ್ ಟೇಲರ್ ಅವರನ್ನೂ ಅನುಮಾನಿಸಿದರು; 2020ರ ಡ್ರಾಫ್ಟ್‌ನಲ್ಲಿ ಅವರು 41ನೆಯವರೆಗೆ ಜಾರಿದರು. ಮರುವರ್ಷವೇ ಟೇಲರ್ 1,811 ಗಜ ಓಡಿ ಲೀಗಿಗೆ ಮೊದಲಿಗರಾದರು. ಊರಿನ ಹೆಸರು ನೋಡಿ ಆಳನ್ನು ಅಳೆದವರಿಗೆ ಎರಡೂ ಕಡೆಯಿಂದ ಪೆಟ್ಟು.

ದಾಖಲೆಗಳ ಹೋಲಿಕೆಯೂ ಹೀಗೆಯೇ ಜಾರು ನೆಲ. 1988ರಲ್ಲಿ ಓಕ್ಲಹೋಮ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ 11 ಪಂದ್ಯಗಳಲ್ಲಿ 2,628 ಗಜ ಓಡಿದರು. 2024ರಲ್ಲಿ ಬೊಯಿಸಿ ಸ್ಟೇಟ್‌ನ ಆಷ್ಟನ್ ಜೆಂಟಿ 14 ಪಂದ್ಯಗಳಲ್ಲಿ 2,601 ಗಜ ಓಡಿ, ಕೇವಲ 27 ಗಜದ ಅಂತರದಲ್ಲಿ ಆ ದಾಖಲೆ ತಪ್ಪಿಸಿಕೊಂಡರು. ಆದರೆ ಸ್ಯಾಂಡರ್ಸ್ ಕಾಲದಲ್ಲಿ ಋತುವಿನ ಕೊನೆಯ ಬೌಲ್ ಪಂದ್ಯದ ಓಟಗಳನ್ನು ದಾಖಲೆಗೆ ಸೇರಿಸುತ್ತಿರಲಿಲ್ಲ, 2002ರಿಂದಷ್ಟೇ ಸೇರಿಸಲಾಗುತ್ತಿದೆ. ಬೌಲ್ ಪಂದ್ಯದಲ್ಲಿ ಸ್ಯಾಂಡರ್ಸ್ ಓಡಿದ್ದ 222 ಗಜ ಲೆಕ್ಕದಿಂದ ಹೊರಗೇ ಉಳಿಯಿತು. ಹಾಗೆಂದು ಜೆಂಟಿ ಸಾಧನೆ ಕಿರಿದಲ್ಲ. ಎದುರಾಳಿಗಳೆಲ್ಲ ತನ್ನೊಬ್ಬನನ್ನೇ ಗುರಿಯಾಗಿಸಿಕೊಂಡಿದ್ದರೂ ಮೊದಲ ಹಿಡಿತದಿಂದ ಜಾರಿಕೊಂಡು ಗಳಿಸಿದ ಗಜಗಳೇ ಅವರನ್ನು 2025ರ ಡ್ರಾಫ್ಟ್‌ನಲ್ಲಿ ಆರನೆಯ ಸ್ಥಾನಕ್ಕೇರಿಸಿದವು.

ಆದ್ದರಿಂದಲೇ ಇಂದಿನ ಸ್ಕೌಟ್‌ಗಳು ಒಟ್ಟು ಗಜಗಳಿಗಿಂತ, ಮೊದಲ ಸ್ಪರ್ಶದ ಅನಂತರ ಗಳಿಸಿದ ಗಜಗಳನ್ನೂ ತಪ್ಪಿಸಿಕೊಂಡ ಹಿಡಿತಗಳನ್ನೂ ಎಣಿಸುತ್ತಾರೆ. ಸ್ಪರ್ಶದವರೆಗಿನ ದಾರಿ ಐವರ ಕೊಡುಗೆ, ಅನಂತರದ್ದು ಓಟಗಾರನ ಸ್ವಂತ ಗಳಿಕೆ ಎಂಬ ತರ್ಕ. ನಮ್ಮ ಕಬಡ್ಡಿಯಲ್ಲಿ ಕಾಲು ಸಿಕ್ಕ ಮೇಲೂ ಗೆರೆಯತ್ತ ಕೈಚಾಚುವ ದಾಳಿಕಾರನನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ಈ ತರ್ಕ ಅರ್ಧಸತ್ಯ. ಒಳ್ಳೆಯ ಕಣ್ಣುಳ್ಳವನು ಸ್ಪರ್ಶವೇ ಆಗದಂತೆ ದಾರಿ ಆರಿಸಿಕೊಳ್ಳುತ್ತಾನೆ. ಅವನ ಆ ಜಾಣ್ಮೆಗೆ ಈ ಲೆಕ್ಕದಲ್ಲಿ ಅಂಕವಿಲ್ಲ.

ಗಡಿಯಾರ, ತಕ್ಕಡಿ ಮತ್ತು ಕಣ್ಣು

ಪ್ರತಿ ವರ್ಷ ಡ್ರಾಫ್ಟ್‌ಗೆ ಮುನ್ನ ಆಟಗಾರರನ್ನು 40 ಗಜ ಓಡಿಸಿ ಗಡಿಯಾರದಲ್ಲಿ ಅಳೆಯುತ್ತಾರೆ. ಬರಿಯ ವೇಗ ಸಾಲದು, ದೇಹದ ತೂಕವನ್ನೂ ಕೂಡಿಸಬೇಕೆಂದು 2008ರಲ್ಲಿ ಬಿಲ್ ಬಾರ್ನ್‌ವೆಲ್ ಎಂಬ ವಿಶ್ಲೇಷಕರು ಒಂದು ಸೂತ್ರ ಕೊಟ್ಟರು: ಪೌಂಡ್‌ಗಳಲ್ಲಿನ ತೂಕವನ್ನು 200ರಿಂದ ಗುಣಿಸಿ, ಓಟದ ಸೆಕೆಂಡುಗಳ ನಾಲ್ಕನೆಯ ಘಾತದಿಂದ ಭಾಗಿಸಬೇಕು. ನೂರು ಬಂದರೆ ಸಾಧಾರಣ. 226 ಪೌಂಡ್ ತೂಗುತ್ತ 4.39 ಸೆಕೆಂಡಿನಲ್ಲಿ ಓಡಿದ ಟೇಲರ್‌ಗೆ ಸುಮಾರು 122 ಬರುತ್ತದೆ. 247 ಪೌಂಡ್‌ನ ಡೆರಿಕ್ ಹೆನ್ರಿ 4.54 ಸೆಕೆಂಡು ತೆಗೆದುಕೊಂಡರೂ 116. ಭಾರ ಹೊತ್ತೂ ಓಡಬಲ್ಲವನಿಗೆ ಈ ಸೂತ್ರ ನ್ಯಾಯ ಒದಗಿಸುತ್ತದೆ. ಆದರೆ 2009ರಲ್ಲಿ ಯಾವ ತಂಡವೂ ಡ್ರಾಫ್ಟ್‌ನಲ್ಲಿ ಆರಿಸದ, ಟೆನೆಸಿ ವಿಶ್ವವಿದ್ಯಾಲಯದ ಏರಿಯನ್ ಫಾಸ್ಟರ್ ಮರುವರ್ಷ ಹ್ಯೂಸ್ಟನ್ ಪರ 1,616 ಗಜ ಓಡಿ ಲೀಗಿಗೇ ಮೊದಲಿಗರಾದುದನ್ನು ಯಾವ ಗಡಿಯಾರವೂ ಮುಂಗಾಣಲಿಲ್ಲ. ಹ್ಯೂಸ್ಟನ್ನಿನ ತರಬೇತುದಾರ ಗ್ಯಾರಿ ಕುಬಿಯಾಕ್ ಡೆನ್ವರಿನ ಶಾನಹನ್ ಗರಡಿಯಲ್ಲಿ ಪಳಗಿದವರು; ಅಲೆಕ್ಸ್ ಗಿಬ್ಸ್ ಕೂಡ ಕೆಲಕಾಲ ಅಲ್ಲಿದ್ದರು. ತಾಳ್ಮೆಯಿಂದ ಕಾದು ಒಂದೇ ತಿರುವಿನಲ್ಲಿ ನುಗ್ಗುವ ಫಾಸ್ಟರ್‌ಗೆ ಹೇಳಿ ಮಾಡಿಸಿದ ಮನೆ ಅದು.

ಹೆನ್ರಿ ಅವರ ಕಥೆ ಇನ್ನೊಂದು ಬಗೆಯ ಎಚ್ಚರಿಕೆ. ಅಲಬಾಮದಲ್ಲಿ 2015ರಲ್ಲಿ 395 ಬಾರಿ ಚೆಂಡು ಹೊತ್ತು 2,219 ಗಜ ಓಡಿ ಹೈಸ್‌ಮನ್ ಗೆದ್ದರೂ, ಆರಡಿ ಮೂರಂಗುಲದ ಈ ದೈತ್ಯ ನೆಟ್ಟಗೆ ನಿಂತು ಓಡುತ್ತಾರೆ, ವೇಗ ಪಡೆಯಲು ಹಲವು ಹೆಜ್ಜೆ ಬೇಕು ಎಂಬ ಆಕ್ಷೇಪಗಳಿದ್ದವು. ಎರಡನೆಯ ಸುತ್ತಿನಲ್ಲಿ 45ನೆಯವರಾಗಿ ಆಯ್ಕೆಯಾದರು. ಭಾರೀ ಆಳು, ಆದ್ದರಿಂದ ನೇರ ನುಗ್ಗುವ ಗ್ಯಾಪ್ ಆಟಕ್ಕೇ ಸರಿ ಎಂಬುದು ಸಾಮಾನ್ಯ ಲೆಕ್ಕಾಚಾರ. ಆದರೆ ಟೈಟನ್ಸ್ ತಂಡದಲ್ಲಿ ಅವರು ಅರಳಿದ್ದು ಹೊರ ಝೋನ್ ಆಟದಲ್ಲಿ. 2020ರಲ್ಲಿ 2,027 ಗಜ. ಕಾರಣ ಯೋಚಿಸಿದರೆ ಸರಳ: ಅಂಚಿನತ್ತ ಸಾಗುವ ಆ ನಾಲ್ಕಾರು ಹೆಜ್ಜೆಗಳಲ್ಲೇ ಅವರ ಉದ್ದನೆಯ ಕಾಲುಗಳು ವೇಗ ಪಡೆಯುತ್ತವೆ, ಆಮೇಲೆ ಎದುರಾಗುವವನು ಸಣ್ಣ ದೇಹದ ಕಾರ್ನರ್‌ಬ್ಯಾಕ್. 2024ರಲ್ಲಿ ಬಾಲ್ಟಿಮೋರಿಗೆ ಹೋಗಿ, ಲಾಮಾರ್ ಜಾಕ್ಸನ್ ಎಂಬ ಓಡುವ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ನಿಂತು, ಮೂವತ್ತರ ವಯಸ್ಸಿನಲ್ಲಿ 1,921 ಗಜ ಓಡಿದರು. ದೇಹ ನೋಡಿ ವ್ಯೂಹ ನಿರ್ಧರಿಸುವ ಪದ್ಧತಿಗೆ ಇಷ್ಟು ಉತ್ತರ ಸಾಕು.

ಆಲ್ವಿನ್ ಕಮಾರಾ ಅವರಂತೂ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷಗಳಲ್ಲಿ ಒಟ್ಟು 210 ಓಟಗಳನ್ನಷ್ಟೇ ಓಡಿದವರು. ನ್ಯೂ ಆರ್ಲಿಯನ್ಸ್ 2017ರಲ್ಲಿ ಮೂರನೆಯ ಸುತ್ತಿನಲ್ಲಿ ಅವರನ್ನು ಆರಿಸಿ, ಓಟಗಾರನಾಗಿಯೂ ಎಸೆತ ಹಿಡಿಯುವವನಾಗಿಯೂ ಬಳಸಿತು. ಮೊದಲ ಮೂರು ವರ್ಷಗಳಲ್ಲಿ ವರ್ಷಕ್ಕೆ 81ರಂತೆ ಎಸೆತಗಳನ್ನು ಅವರು ಹಿಡಿದರು. ಇನ್ನು, ಎಸೆತದ ಸಮಯದಲ್ಲಿ ನುಗ್ಗಿಬರುವ ಲೈನ್‌ಬ್ಯಾಕರ್‌ನನ್ನು ಗುರುತಿಸಿ ಅಡ್ಡ ನಿಲ್ಲುವುದು, ಚೆಂಡು ಬೀಳಿಸದಿರುವುದು ಇವೆರಡೂ ಯಾವ ವ್ಯೂಹಕ್ಕೂ ಅನಿವಾರ್ಯ. ಕಾಲೇಜಿನ ತಾರೆಯರು ಎನ್‌ಎಫ್‌ಎಲ್‌ನಲ್ಲಿ ಮೊದಲ ವರ್ಷ ಬೆಂಚಿನ ಮೇಲೆ ಕೂರಬೇಕಾಗುವುದು ಬಹುಮಟ್ಟಿಗೆ ಇವೇ ಕಾರಣಗಳಿಗಾಗಿ.

ಕಾಲುಗಳಿಗೆ ಲೆಕ್ಕವಿದೆ

ಇಷ್ಟೆಲ್ಲ ಸೂಕ್ಷ್ಮ ಏಕೆಂದರೆ, ಈ ಸ್ಥಾನದಲ್ಲಿ ಆಡುವವನ ಆಯಸ್ಸು ಅಲ್ಪ. ಪ್ರತಿ ಓಟವೂ ಒಂದು ಅಪಘಾತ. ಪೆನ್ ಸ್ಟೇಟ್‌ನ ಕಿ-ಜಾನಾ ಕಾರ್ಟರ್ 1995ರ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆ. ಋತು ಆರಂಭವಾಗುವ ಮುನ್ನವೇ, ಅಭ್ಯಾಸ ಪಂದ್ಯವೊಂದರ ತಮ್ಮ ಮೂರನೆಯ ಓಟದಲ್ಲಿ, ಮೊಣಕಾಲಿನ ಸ್ನಾಯು ಹರಿಯಿತು. ದಕ್ಷಿಣ ಕೆರೊಲಿನ ವಿಶ್ವವಿದ್ಯಾಲಯದ ಮಾರ್ಕಸ್ ಲಾಟಿಮೋರ್ 2011 ಮತ್ತು 2012ರಲ್ಲಿ ಬೆನ್ನುಬೆನ್ನಿಗೆ ಮೊಣಕಾಲು ಕಳೆದುಕೊಂಡರು. ಸ್ಯಾನ್ ಫ್ರಾನ್ಸಿಸ್ಕೊ ತಂಡ ಆರಿಸಿಕೊಂಡರೂ ಒಂದೂ ಪಂದ್ಯ ಆಡದೆ 2014ರಲ್ಲಿ ನಿವೃತ್ತರಾದರು. ಕಾಲೇಜಿನ ಆ ವರ್ಷಗಳಲ್ಲಿ ಅವರಿಗೆ ಸಿಕ್ಕದ್ದು ವಿದ್ಯಾರ್ಥಿವೇತನ ಮಾತ್ರ. ತಂಡಗಳೂ ಈ ಸ್ಥಾನಕ್ಕೆ ಹಣ ಸುರಿಯಲು ಹಿಂಜರಿಯತೊಡಗಿದವು: 2013, 2014, 2022 ಮತ್ತು 2024ರ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಒಬ್ಬನೇ ಒಬ್ಬ ರನ್ನಿಂಗ್ ಬ್ಯಾಕ್ ಆಯ್ಕೆಯಾಗಲಿಲ್ಲ. ಮೊದಲ ಸುತ್ತು ತಪ್ಪಿದರೆ ಒಪ್ಪಂದದ ಮೊತ್ತ ಹಲವು ದಶಲಕ್ಷ ಡಾಲರ್ ಕುಸಿಯುತ್ತದೆ.

2021ರ ಬೇಸಿಗೆಯಲ್ಲಿ ಎರಡು ನಿಯಮಗಳು ಬದಲಾದವು. ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದೆಂದಾಯಿತು. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋದರೆ ಒಂದು ವರ್ಷ ಹೊರಗೆ ಕೂರಬೇಕಿದ್ದ ಶಿಕ್ಷೆಯೂ ಸಡಿಲಗೊಂಡಿತು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಹಂಚಬಹುದಾಗಿದೆ. ವಾಕರ್ ಅವರು ಹೊಸ ನಿಯಮದ ಆರಂಭದ ಫಲಾನುಭವಿಗಳಲ್ಲೊಬ್ಬರು. ಹಿಂದೆ ವ್ಯೂಹವನ್ನು ಆರಿಸುತ್ತಿದ್ದವರು ತರಬೇತುದಾರರು. ಇಂದು ಹತ್ತೊಂಬತ್ತು ಇಪ್ಪತ್ತರ ಹುಡುಗನೂ ಅವನ ಮನೆಯವರೂ ಪ್ರತಿ ಚಳಿಗಾಲ ಆರಿಸಬೇಕಾಗಿದೆ. ಹೆಚ್ಚು ಹಣ ಕೊಡುವ ಕಡೆ ಹೋಗುವುದೋ, ತನ್ನ ಕಾಲಿಗೆ ಒಗ್ಗುವ ವ್ಯೂಹದ ಕಡೆಯೋ? ಕರೆದ ತರಬೇತುದಾರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತಾನೆಯೇ? ಅವನು ಹೋದರೆ ವ್ಯೂಹವೂ ಹೋಗುತ್ತದೆ, ಹುಡುಗ ಮಾತ್ರ ಉಳಿಯುತ್ತಾನೆ. ಪಕ್ಕದಲ್ಲಿ ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಇದ್ದಾನೆಯೇ, ಐವರ ಸಾಲಿನಲ್ಲಿ ಎಷ್ಟು ಮಂದಿ ಈ ವರ್ಷ ಪದವಿ ಮುಗಿಸಿ ಹೊರಡುತ್ತಿದ್ದಾರೆ, ವರ್ಷಕ್ಕೆ ನೂರೈವತ್ತು ಓಟವೋ ಮುನ್ನೂರೈವತ್ತೋ? ಕಡಿಮೆ ಓಡಿದರೆ ಯಾರೂ ಗಮನಿಸರು. ಹೆಚ್ಚು ಓಡಿದರೆ ಮುಂದೆ ಮಾರಬೇಕಾದ ಕಾಲುಗಳೇ ಸವೆಯುತ್ತವೆ. ವಾಕರ್ ಮಿಷಿಗನ್ ಸ್ಟೇಟ್‌ನಲ್ಲಿ ಒಂದೇ ಒಂದು ಋತು ಆಡಿ, ಕೊನೆಯ ಬೌಲ್ ಪಂದ್ಯದಿಂದಲೂ ದೂರ ಉಳಿದು, 2022ರ ಡ್ರಾಫ್ಟ್‌ನಲ್ಲಿ 41ನೆಯವರಾಗಿ ಸಿಯಾಟಲ್ ಸೇರಿದರು. ಅಭಿಮಾನಿಗಳಲ್ಲಿ ಕೆಲವರಿಗೆ ಅದು ಸ್ವಾರ್ಥವೆನಿಸಿತು. ಲಾಟಿಮೋರ್ ಅವರ ಮೊಣಕಾಲನ್ನು ನೆನೆದವರಿಗೆ ಹಾಗೆನ್ನಿಸಲಾರದು.

ಇನ್ನು ಈ ಆಟವನ್ನು ಹೊಸದಾಗಿ ನೋಡುವವರಿಗೊಂದು ಸಲಹೆ. ಆಟ ಆರಂಭವಾದೊಡನೆ ಕಣ್ಣು ಚೆಂಡಿನ ಹಿಂದೆ ಓಡುತ್ತದೆ. ಮೊದಲ ಒಂದು ಸೆಕೆಂಡು ಅದನ್ನು ತಡೆದು ಗಾರ್ಡ್‌ಗಳಿಬ್ಬರನ್ನು ನೋಡಿ. ಅವರಲ್ಲೊಬ್ಬ ತನ್ನ ಜಾಗ ಬಿಟ್ಟು ಸಾಲಿನ ಹಿಂದೆ ಅಡ್ಡಲಾಗಿ ಓಡಿದನೆಂದರೆ ಅದು ಗ್ಯಾಪ್ ಆಟ. ಓಟಗಾರ ಅವನ ಬೆನ್ನ ಹಿಂದೆ ಬರುತ್ತಾನೆ. ಐವರೂ ಒಂದೇ ದಿಕ್ಕಿಗೆ ಹೆಜ್ಜೆ ಹಾಕಿದರೆ ಅದು ಝೋನ್. ಆಗ ಓಟಗಾರನ ಕಾಲುಗಳನ್ನು ಬಿಟ್ಟು ಅವನ ಶಿರಸ್ತ್ರಾಣ ಯಾವ ಕಡೆ ತಿರುಗುತ್ತದೆಂದು ಗಮನಿಸಿ. ತಿರುವು ಎಲ್ಲಿ ಬರುತ್ತದೆಂಬುದು ಕಾಲಿಗಿಂತ ಮೊದಲು ಅಲ್ಲಿ ಕಾಣಿಸುತ್ತದೆ.